ಬಿತ್ತಿದವರು ಒಬ್ಬರು, ನೀರೆರೆದವರು ಮತ್ತೊಬ್ಬರು
ಬೆಂಗಳೂರು ಮಹಾಧರ್ಮಕ್ಷೇತ್ರ ನಡೆದು ಬಂದ ದಾರಿ



ಸೆಪ್ಟೆಂಬರ್ ತಿಂಗಳು ಬಂತೆಂದರೆ ಬೆಂಗಳೂರಿನ ಕಥೋಲಿಕರ ಮನೆಮನೆಯಲ್ಲೂ ಮಾತೆ ಮರಿಯಮ್ಮನವರ ಹಬ್ಬದ ಸಡಗರ. ಕಾವಿ ಬಟ್ಟೆ ತೊಟ್ಟು, ಕೈಯಲ್ಲಿ ಜಪಸರ ಹಿಡಿದು, ಬರಿಗಾಲಿನಲ್ಲಿ ಶಿವಾಜಿನಗರದತ್ತ ನಡೆಯುವ ಭಕ್ತರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮಲ್ಲಿ ಅನೇಕರು ಹಾಗೆ ನಡೆದವರೇ. ಆದರೆ ಇದೇ ತಿಂಗಳಿನಲ್ಲಿ ನಮ್ಮ ಧರ್ಮಕ್ಷೇತ್ರದ ಬದುಕನ್ನು ರೂಪಿಸಿದ ಮೂರು ದಿನಗಳಿವೆ ಎಂಬುದು ಬಹಳ ಮಂದಿಗೆ ತಿಳಿಯದು. 1886ರ ಸೆಪ್ಟೆಂಬರ್ 1ರಂದು ಹಳೆಯ ಮೈಸೂರು ಸೀಮೆ ಒಂದು ಪೂರ್ಣ ಧರ್ಮಕ್ಷೇತ್ರವಾಯಿತು. 1882ರ ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಈಗಿನ ದೇವಾಲಯ ಪ್ರತಿಷ್ಠೆಗೊಂಡಿತು. 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಕ್ಷೇತ್ರವಾಯಿತು.

ಹಬ್ಬದಲ್ಲಿ ನಾವು ತೇರನ್ನು ನೋಡುತ್ತೇವೆ. ತೇರು ಎಳೆದವರನ್ನು ನೋಡುವುದು ಕಡಿಮೆ. ಈ ಸಲ ಅವರ ಕಡೆಗೊಮ್ಮೆ ಕಣ್ಣು ಹಾಯಿಸೋಣ. ಏಕೆಂದರೆ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಬರುವ 'ಈ ಗುಡಿ ಯಾರದು, ಇಲ್ಲಿ ಮೊದಲು ಬಂದವರು ಯಾರು?' ಎಂಬ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ.

ಮೊದಲ ಬೀಜ

ನಮ್ಮ ಸೀಮೆಯಲ್ಲಿ ಕಥೋಲಿಕ ವಿಶ್ವಾಸ ವ್ಯವಸ್ಥಿತವಾಗಿ ಬೇರೂರಿದ್ದು ಹದಿನೇಳನೇ ಶತಮಾನದ ನಡುವಿನಲ್ಲಿ. ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲವದು. 1648ರ ಸುಮಾರಿಗೆ ಇಟಲಿ ಮೂಲದ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಅಲ್ಲಿಗೆ ಬಂದರು. ಅವರು ಬಂದು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕನ್ನಡ ಕಲಿತದ್ದು. ಕಲಿತು ಸುಮ್ಮನಾಗಲಿಲ್ಲ; ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನೂ ಭಾಷೆಯ ವ್ಯಾಕರಣವನ್ನೂ ಬರೆದರು. ನಮ್ಮ ಜನರ ಮನೆಬಾಗಿಲು ತಟ್ಟುವ ಮುನ್ನ ನಮ್ಮ ಜನರ ನುಡಿಯ ಬಾಗಿಲು ತಟ್ಟಿದವರು ಅವರು. ಮುಂದೆ ಒಂದು ಶತಮಾನಕ್ಕೂ ಮೀರಿ ಯೇಸುಸಭೆಯ ಗುರುಗಳು 'ಮೈಸೂರು ಮಿಷನ್' ಎಂಬ ಹೆಸರಿನಲ್ಲಿ ಈ ಬಯಲುಸೀಮೆಯ ಹಳ್ಳಿಗಳಲ್ಲಿ ಸಣ್ಣ ಸಣ್ಣ ಕ್ರೈಸ್ತ ಸಮುದಾಯಗಳನ್ನು ಕಟ್ಟಿದರು.

ಆದರೆ ಆ ಗಿಡಕ್ಕೆ ಎರಡು ಸಲ ಬರ ಬಿತ್ತು. 1759ರಲ್ಲಿ ಪೋರ್ಚುಗಲ್ ಸರ್ಕಾರ ತನ್ನ ಆಳ್ವಿಕೆಯ ನಾಡುಗಳಿಂದ ಯೇಸುಸಭೆಯವರನ್ನು ಹೊರಹಾಕಿತು. 1773ರಲ್ಲಿ ಯೇಸುಸಭೆಯನ್ನೇ ರದ್ದುಗೊಳಿಸಲಾಯಿತು. ಮಿಷನ್ನಿನ ಹೊಣೆ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಹೆಗಲಿಗೆ ಬಂತು. ಅವರು ನೆಲೆಯೂರುವ ಮುನ್ನವೇ ಯುದ್ಧಗಳು ಬಂದವು. 1784ರಲ್ಲಿ ಕರಾವಳಿಯ ಕಥೋಲಿಕ ಕುಟುಂಬಗಳನ್ನು ಟಿಪ್ಪು ಸುಲ್ತಾನರ ಆಜ್ಞೆಯಂತೆ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜೀವಗಳು ಅಳಿದವು. ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಜಪಸರವೊಂದನ್ನೇ ನೆಚ್ಚಿಕೊಂಡು ಉಳಿದವರು ಉಳಿದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಬಹುಪಾಲು ಜನ ಕರಾವಳಿಗೆ ಮರಳಿದರು. ಕೆಲವರು ಈ ಸೀಮೆಯಲ್ಲೇ ನೆಲೆನಿಂತರು.

ದೊಡ್ಡ ಸ್ವಾಮಿಯವರು

ಹೀಗೆ ಚದುರಿದ್ದ ಹಿಂಡನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಗುರು ಜಾನ್ ಆಂಟನಿ ದ್ಯುಬುವಾ. 1792ರಲ್ಲಿ ಫ್ರಾನ್ಸ್ ಬಿಟ್ಟು ಬಂದ ಅವರು ಶ್ರೀರಂಗಪಟ್ಟಣದ ಪತನದ ನಂತರ ಗಂಜಾಮಿನಲ್ಲಿ ಗುಡಿ ಕಟ್ಟಿ, ಅಲ್ಲಿಂದ ಊರೂರು ಸುತ್ತಿದರು. ನಮ್ಮವರಂತೆಯೇ ಉಟ್ಟರು, ನಮ್ಮವರಂತೆಯೇ ಉಂಡರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡಿದ್ದ ಕ್ರೈಸ್ತರನ್ನು ಸೇರಿಸಿ ಬೇಸಾಯದ ಊರುಗಳನ್ನು ಕಟ್ಟಿದರು. ಸಿಡುಬು ಊರೂರನ್ನೇ ಖಾಲಿ ಮಾಡುತ್ತಿದ್ದ ಆ ದಿನಗಳಲ್ಲಿ, 1803-04ರ ಹೊತ್ತಿಗೆ, ಸಿಡುಬಿನ ಲಸಿಕೆಯನ್ನು ಹಳ್ಳಿಯವರಿಗೆ ಹಾಕಿಸಿದರು. ಇವರು ಯಾರು, ಯಾವ ಧರ್ಮದವರು ಎಂದು ಲಸಿಕೆ ಕೇಳುವುದಿಲ್ಲ. ಅದನ್ನು ಹಾಕಿಸಿದವರೂ ಕೇಳಲಿಲ್ಲ.

ಇಷ್ಟೆಲ್ಲ ದುಡಿದ ದ್ಯುಬುವಾ ಸ್ವಾಮಿಯವರು 1823ರಲ್ಲಿ ಫ್ರಾನ್ಸಿಗೆ ಮರಳುವಾಗ ಹೊತ್ತೊಯ್ದದ್ದು ನಿರಾಶೆಯನ್ನು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ, ಈ ನಾಡಿನಲ್ಲಿ ಕ್ರೈಸ್ತ ಧರ್ಮಕ್ಕೆ ಮುನ್ನಡೆಯಿಲ್ಲ ಎಂಬ ಅಭಿಪ್ರಾಯವನ್ನು ಅವರು ಮುಚ್ಚುಮರೆಯಿಲ್ಲದೆ ಬರೆದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಮೂವತ್ತೊಂದು ವರ್ಷ ಈ ದೇಶದಲ್ಲಿ ದುಡಿದ ಗುರುವಿಗೆ ತಾವು ಬಿತ್ತಿದ್ದು ಮೊಳೆಯುತ್ತದೆಂಬ ಭರವಸೆಯೇ ಇರಲಿಲ್ಲ. ಅವರು ಕಣ್ಮುಚ್ಚಿ ಎರಡು ವರ್ಷವಾಗುವಷ್ಟರಲ್ಲಿ, 1850ರಲ್ಲಿ, ಮೈಸೂರು ಸೀಮೆ ಪ್ರತ್ಯೇಕ ಪ್ರೇಷಿತ ಆಡಳಿತ ಪ್ರಾಂತ್ಯವಾಯಿತು. ಸಂತ ಪೌಲರು ಕೊರಿಂಥದ ಸಭೆಗೆ ಬರೆಯುವಾಗ, ನೆಡುವವನು ಒಬ್ಬ, ನೀರೆರೆಯುವವನು ಇನ್ನೊಬ್ಬ, ಬೆಳೆಸುವವನು ಮಾತ್ರ ದೇವರು ಎಂಬ ಅರ್ಥದ ಮಾತನ್ನು ಹೇಳುತ್ತಾರಲ್ಲವೇ? ಅದಕ್ಕೆ ನಮ್ಮದೇ ಮಣ್ಣಿನ ಸಾಕ್ಷಿ ದ್ಯುಬುವಾ ಸ್ವಾಮಿಯವರು. ಧರ್ಮೋಪದೇಶದ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದಾರೆಂದು ಬೇಸರಪಡುವ ಉಪದೇಶಿಗಳೂ, ಮಗ ಪೂಜೆಗೆ ಬರುವುದಿಲ್ಲವೆಂದು ಕಣ್ಣೀರಿಡುವ ತಾಯಂದಿರೂ ಇದನ್ನು ನೆನಪಿಡಬೇಕು.

ಮೈಸೂರಿನ ಹೆಸರು, ಬೆಂಗಳೂರಿನ ಮನೆ

ಮೈಸೂರು ಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರು ಎತಿಯೆನ್ ಲೂಯಿ ಶಾರ್ಬೊನೊ. ಹೆಸರು ಮೈಸೂರಿನದಾದರೂ ಧರ್ಮಾಧ್ಯಕ್ಷರ ವಾಸ ಬೆಂಗಳೂರಿನಲ್ಲಿ. ಕಾರಣ ಸರಳ: ದಂಡು ಪ್ರದೇಶ ಬೆಳೆಯುತ್ತಿತ್ತು, ಐರಿಷ್ ಸಿಪಾಯಿಗಳು, ಅವರ ಜೊತೆ ತಮಿಳು ಸೀಮೆಯಿಂದ ಬಂದ ಕೂಲಿಗಳು, ಅಡುಗೆಯವರು, ವ್ಯಾಪಾರಿಗಳು ಸಾವಿರಗಟ್ಟಲೆ ನೆಲೆಸಿದ್ದರು. ಐರಿಷ್ ಸಂತರಾದ ಪ್ಯಾಟ್ರಿಕ್ ಅವರ ಹೆಸರಿನ ದೇವಾಲಯ 1840ರ ದಶಕದಲ್ಲಿ ಎದ್ದು ನಿಂತದ್ದು ಈ ಹಿನ್ನೆಲೆಯಲ್ಲೇ. ಪೇಟೆಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಕನ್ನಡದ, ಕೋಲಾರದ ಕಡೆ ತೆಲುಗಿನ ವಿಶ್ವಾಸಿಗಳು ಇದ್ದರು. ಹೀಗೆ ಒಂದೇ ಧರ್ಮಾಧ್ಯಕ್ಷರ ಮಂದೆಯಲ್ಲಿ ಆಗಲೇ ನಾಲ್ಕು ನುಡಿಗಳು.

ಶಾರ್ಬೊನೊ ಧರ್ಮಾಧ್ಯಕ್ಷರು ಕನ್ನಡವನ್ನು ಬದಿಗೊತ್ತಲಿಲ್ಲ. ಅವರ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಮುದ್ರಣವಾಯಿತು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಗುರುಗಳ ಕೈಗೆ ಕನ್ನಡದ ನಿಘಂಟು ಕೊಟ್ಟವರ ಮನಸ್ಸಿನಲ್ಲಿ ಏನಿತ್ತು? ಪೀಠದ ಭಾಷೆ ಯಾವುದೇ ಇರಲಿ, ಪಾಪನಿವೇದನೆಯ ಪೆಟ್ಟಿಗೆಯಲ್ಲಿ, ಸಾಯುವವರ ಹಾಸಿಗೆಯ ಪಕ್ಕದಲ್ಲಿ ಗುರುವಿಗೆ ಜನರ ಭಾಷೆ ಬರಲೇಬೇಕು ಎಂಬುದು.

ಅವರ ಕಾಲದಲ್ಲೇ, 1854ರಲ್ಲಿ, ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದರು. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳಿಗೆ ಮಿಷನ್ನಿನ ಅನಾಥಾಲಯಗಳು ಆಸರೆಯಾದವು. 1882ರಲ್ಲಿ ಫ್ರೆಂಚ್ ಗುರುಗಳಿಂದ ಸಂತ ಜೋಸೆಫರ ಕಾಲೇಜು, 1886ರಲ್ಲಿ ಕನ್ಯಾಸ್ತ್ರೀಯರಿಂದ ಸಂತ ಮಾರ್ತಮ್ಮನವರ ಆಸ್ಪತ್ರೆ ಆರಂಭವಾದವು. ಕೋಲಾರದ ಚಿನ್ನದ ಗಣಿಗಳು ತೆರೆದಾಗ ಆಳದ ಸುರಂಗಕ್ಕಿಳಿಯುವ ಕಾರ್ಮಿಕರ ಕಾಲೋನಿಗಳಲ್ಲೂ ಗುಡಿಯ ಗಂಟೆ ಮೊಳಗಿತು. 2001ರಲ್ಲಿ ಗಣಿ ಮುಚ್ಚಿತು, ಗಂಟೆ ನಿಲ್ಲಲಿಲ್ಲ.

1886ರ ಸೆಪ್ಟೆಂಬರ್ 1ರಂದು ಜಗದ್ಗುರು ಹದಿಮೂರನೇ ಲಿಯೊ ಅವರು ಭಾರತದಲ್ಲಿ ಧರ್ಮಸಭೆಯ ಶ್ರೇಣಿವ್ಯವಸ್ಥೆಯನ್ನು ಸ್ಥಾಪಿಸಿದಾಗ ಮೈಸೂರು ಪೂರ್ಣ ಧರ್ಮಕ್ಷೇತ್ರವಾಯಿತು. ಅಲ್ಲಿಂದ ಅರ್ಧ ಶತಮಾನ ಫ್ರೆಂಚ್ ಧರ್ಮಾಧ್ಯಕ್ಷರು ಅದನ್ನು ನಡೆಸಿದರು. 1940ರ ಫೆಬ್ರವರಿ 13ರಂದು ಜಗದ್ಗುರು ಹನ್ನೆರಡನೇ ಪಯಸ್ ಅವರು ಅದನ್ನು ಮೈಸೂರು, ಬೆಂಗಳೂರು ಎಂದು ಎರಡಾಗಿ ವಿಂಗಡಿಸಿದರು. ಮೈಸೂರಿನ ಧರ್ಮಾಧ್ಯಕ್ಷರಾಗಿದ್ದ ಮಾರಿಸ್ ದೆಪಾತ್ಯೂರ್ ಬೆಂಗಳೂರಿನ ಮೊದಲ ಧರ್ಮಾಧ್ಯಕ್ಷರಾದರು. 1932ರಲ್ಲಿ ಪೂರ್ಣಗೊಂಡಿದ್ದ ಸಂತ ಫ್ರಾನ್ಸಿಸ್ ಝೇವಿಯರರ ದೇವಾಲಯ ಪ್ರಧಾನಾಲಯವಾಯಿತು.

ನಮ್ಮವರ ಕೈಗೆ ಬಂದ ಕೋಲು

1942ರಲ್ಲಿ ದೆಪಾತ್ಯೂರ್ ಅವರು ದೈವಾಧೀನರಾದ ಮೇಲೆ ಗುಂಟೂರಿನ ಧರ್ಮಾಧ್ಯಕ್ಷರಾಗಿದ್ದ ಥಾಮಸ್ ಪೋತಕಾಮುರಿ ಬೆಂಗಳೂರಿಗೆ ಬಂದರು. ಕುರುಬನ ಕೋಲು ಭಾರತೀಯರ ಕೈಗೆ ಬಂತು, ದೇಶಕ್ಕೆ ಸ್ವಾತಂತ್ರ್ಯ ಬರುವ ಐದು ವರ್ಷ ಮೊದಲೇ! 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಕ್ಷೇತ್ರವಾದಾಗ ಮೊದಲ ಮಹಾಧರ್ಮಾಧ್ಯಕ್ಷರೂ ಅವರೇ. 1968ರಲ್ಲಿ ಡಿ. ಎಸ್. ಲೂರ್ದುಸ್ವಾಮಿ ಅವರ ಸ್ಥಾನಕ್ಕೆ ಬಂದರು. 1971ರಲ್ಲಿ ರೋಮಿಗೆ ಕರೆಹೋಗಿ ಮುಂದೆ ಕಾರ್ಡಿನಲ್ ಆದರು. ನಂತರ ಪಾಕಿಯಂ ಆರೋಗ್ಯಸ್ವಾಮಿ (1971-86), ಅಲ್ಫೋನ್ಸಸ್ ಮಥಾಯಸ್ (1986-98), ಇಗ್ನೇಷಿಯಸ್ ಪಿಂಟೊ (1998-2004), ಬರ್ನಾರ್ಡ್ ಮೊರಾಸ್ (2004-18). 2018ರಿಂದ ಪೀಟರ್ ಮಚಾದೊ.

ಈ ಪಟ್ಟಿಯನ್ನು ಒಮ್ಮೆ ಗಮನಿಸಿ. ಮಥಾಯಸ್ ಅವರು ಚಿಕ್ಕಮಗಳೂರಿನಿಂದ, ಪಿಂಟೊ ಅವರು ಶಿವಮೊಗ್ಗದಿಂದ, ಮೊರಾಸ್ ಮತ್ತು ಮಚಾದೊ ಅವರು ಬೆಳಗಾವಿಯಿಂದ ಬಂದವರು. ಅಲ್ಲಿ ಧರ್ಮಾಧ್ಯಕ್ಷರಾಗಿದ್ದು ಅಲ್ಲಿನ ಮಳೆ ಬಿಸಿಲು ಕಂಡವರು. ರಾಜಧಾನಿಯ ಸಭೆ ತನ್ನಷ್ಟಕ್ಕೆ ತಾನು ದೊಡ್ಡದಾಗಿಲ್ಲ. ಸಣ್ಣ ಧರ್ಮಕ್ಷೇತ್ರಗಳು ತಮ್ಮ ಕುರುಬರನ್ನು ಅದಕ್ಕೆ ಬಿಟ್ಟುಕೊಟ್ಟಿವೆ.

'ಮಹಾ' ಎಂದರೇನು?

ಮಹಾಧರ್ಮಾಧ್ಯಕ್ಷರೆಂದರೆ ಉಳಿದ ಧರ್ಮಾಧ್ಯಕ್ಷರ ಮೇಲಧಿಕಾರಿ ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಅದು ಹಾಗಲ್ಲ. ಬೆಂಗಳೂರು ಪ್ರಾಂತ್ಯದಲ್ಲಿ ಮಹಾಧರ್ಮಕ್ಷೇತ್ರದೊಂದಿಗೆ ಮೈಸೂರು, ಮಂಗಳೂರು, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರ, ಬೆಳಗಾವಿ, ಬಳ್ಳಾರಿ, ಕಲಬುರಗಿ ಲತೀನ್ ಧರ್ಮಕ್ಷೇತ್ರಗಳಿವೆ. ಇವುಗಳಲ್ಲಿ ಕಲಬುರಗಿ ಹುಟ್ಟಿದ್ದು 2005ರಲ್ಲಿ, ಉಡುಪಿ 2012ರಲ್ಲಿ. ಪ್ರತಿಯೊಬ್ಬ ಧರ್ಮಾಧ್ಯಕ್ಷರೂ ತಮ್ಮ ಕ್ಷೇತ್ರದ ಪೂರ್ಣ ಕುರುಬರು. ಜಗದ್ಗುರುಗಳಿಗೆ ನೇರವಾಗಿ ಉತ್ತರ ಕೊಡುವವರು. ಮಹಾಧರ್ಮಾಧ್ಯಕ್ಷರು ಆ ಕ್ಷೇತ್ರಗಳ ಆಡಳಿತದಲ್ಲಿ ಕೈಹಾಕುವುದಿಲ್ಲ. ವಿಶ್ವಾಸ ಮತ್ತು ಶಿಸ್ತು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು, ಲೋಪ ಕಂಡರೆ ಜಗದ್ಗುರುಗಳಿಗೆ ತಿಳಿಸುವುದು ಅವರ ಹೊಣೆ. ಅವರು ಹೆಗಲಿಗೆ ಧರಿಸುವ ಬಿಳಿ ಉಣ್ಣೆಯ ಪಟ್ಟಿ, ಪಾಲಿಯಂ, ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನ ಗುರುತು. 'ಮಹಾ' ಎಂಬುದು ಹೊರೆಯ ಅಳತೆ.

ಇನ್ನು ನಮ್ಮ ಕ್ಷೇತ್ರದೊಳಗೆ ಬರೋಣ. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರದ ಸೀಮೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಇದರ ಎಲ್ಲೆ. ಮಹಾಧರ್ಮಾಧ್ಯಕ್ಷರಿಗೆ ಆಡಳಿತದಲ್ಲಿ ಶ್ರೇಷ್ಠಗುರುಗಳು, ದಾಖಲೆಗಳಿಗೆ ಚಾನ್ಸಲರ್, ವಿವಾಹದ ವ್ಯಾಜ್ಯಗಳಿಗೆ ಧರ್ಮನ್ಯಾಯಾಲಯ, ಸಲಹೆಗೆ ಗುರುಗಳ ಮಂಡಳಿ, ಹಣಕಾಸಿಗೆ ಹಣಕಾಸು ಮಂಡಳಿ. ಧರ್ಮಕೇಂದ್ರಗಳನ್ನು ಸೇರಿಸಿ ವಲಯಗಳು. ಧರ್ಮಕೇಂದ್ರದಲ್ಲಿ ಗುರುಗಳು, ಅವರೊಡನೆ ಪಾಲನಾ ಸಮಿತಿ ಮತ್ತು ಹಣಕಾಸು ಸಮಿತಿ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು; ಅದು ಗುರುಗಳ ಮರ್ಜಿಗೆ ಬಿಟ್ಟದ್ದಲ್ಲ. ಕಾಣಿಕೆ ಪೆಟ್ಟಿಗೆಗೆ ಬಿದ್ದ ಹತ್ತು ರೂಪಾಯಿ ಬಡ ವಿಧವೆಯದಾಗಿರಬಹುದು. ಲೆಕ್ಕ ಕೇಳುವುದು ಗುರುಗಳ ಮೇಲಿನ ಅಪನಂಬಿಕೆಯಲ್ಲ. ಲೆಕ್ಕ ಕೊಡುವುದು ಗುರುಗಳಿಗೆ ಅವಮಾನವೂ ಅಲ್ಲ. ಇದೇ ಕಾನೂನು ಗುರುಗಳ ಮೇಲೆ ಇನ್ನೊಂದು ಋಣವನ್ನೂ ಹೊರಿಸಿದೆ: ಪ್ರತಿ ಭಾನುವಾರ ಒಂದು ಬಲಿಪೂಜೆಯನ್ನು ಯಾವ ಕಾಣಿಕೆಯೂ ಇಲ್ಲದೆ ತಮ್ಮ ಧರ್ಮಕೇಂದ್ರದ ಜನರಿಗಾಗಿಯೇ ಅರ್ಪಿಸಬೇಕು. ನೀವು ಹೆಸರು ಬರೆಸದಿದ್ದರೂ ಆ ಪೂಜೆ ನಿಮ್ಮದು.

ಈ ಇಡೀ ವ್ಯವಸ್ಥೆ ಒಂದೇ ದೇಹವೆಂದು ತೋರುವುದು ಪವಿತ್ರ ವಾರದ ತೈಲಪೂಜೆಯಲ್ಲಿ. ಅಂದು ಗುರುಗಳೆಲ್ಲ ತಮ್ಮ ಮಹಾಧರ್ಮಾಧ್ಯಕ್ಷರ ಸುತ್ತ ನೆರೆಯುತ್ತಾರೆ. ದೀಕ್ಷಾರ್ಥಿಗಳ ತೈಲ, ರೋಗಿಗಳ ತೈಲ, ಪರಿಮಳ ತೈಲ, ಈ ಮೂರನ್ನೂ ಅಲ್ಲಿ ಪವಿತ್ರೀಕರಿಸಿ ಎಲ್ಲ ಧರ್ಮಕೇಂದ್ರಗಳಿಗೆ ಹಂಚಲಾಗುತ್ತದೆ. ಹಾರೋಬೆಲೆಯ ರೈತನ ಕೂಸಿನ ಹಣೆಗೂ ವೈಟ್‌ಫೀಲ್ಡಿನ ಕಂಪ್ಯೂಟರ್ ಎಂಜಿನಿಯರರ ಕೂಸಿನ ಹಣೆಗೂ ಹಚ್ಚುವುದು ಒಂದೇ ತೈಲ.

ಒಂದೇ ಮನೆ, ಹಲವು ನುಡಿ

ಹಣೆಗೆ ಹಚ್ಚುವ ತೈಲ ಒಂದೇ ಆದರೂ ನಾಲಿಗೆಯ ಮೇಲಿನ ಮಾತು ಹಲವು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಯ ದಸ್ತಾವೇಜಿಗೆ ಒಪ್ಪಿಗೆಯಿತ್ತಾಗ ಜನರ ನುಡಿಯಲ್ಲಿ ಬಲಿಪೂಜೆ ನಡೆಸುವ ದಾರಿ ತೆರೆಯಿತು. ಜಗತ್ತಿನ ಅನೇಕ ಊರುಗಳಲ್ಲಿ ಇದು ಸುಲಭವಾಯಿತು. ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ಸಮಾನರಾಗಿದ್ದರು. ಈಗ 'ಜನರ ನುಡಿ' ಎಂದರೆ ಯಾವ ಜನರ ನುಡಿ ಎಂಬ ಪ್ರಶ್ನೆ ಎದ್ದಿತು. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ಸಿಗಲಿಲ್ಲವೆಂಬ ನೋವು ಕನ್ನಡ ಕಥೋಲಿಕರಲ್ಲಿ ಬೆಳೆಯಿತು. ತಲೆಮಾರುಗಳಿಂದ ತಾವು ಕಟ್ಟಿದ ಗುಡಿಯಲ್ಲಿ ತಾಯಿನುಡಿ ನಿಂತುಹೋದೀತೆಂಬ ಅಳುಕು ತಮಿಳು ಕುಟುಂಬಗಳಲ್ಲಿ ಬೆಳೆಯಿತು. ಎರಡೂ ನೋವು ನಿಜ. ಇವೆರಡನ್ನೂ ಕೇಳದೆ ನಮ್ಮ ಧರ್ಮಕ್ಷೇತ್ರದ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಚರಿತ್ರೆ ಏನು ಹೇಳುತ್ತದೆ? ಈ ಮಣ್ಣಿನಲ್ಲಿ ವಿಶ್ವಾಸವನ್ನು ಬಿತ್ತಲು ಬಂದ ಮೊದಲ ಗುರುಗಳು ಕನ್ನಡದಲ್ಲಿ ಬಿತ್ತಿದರು. ಕನ್ನಡವನ್ನು ಗೌರವಿಸುವುದು ಯಾರಿಗೋ ತೋರುವ ದಾಕ್ಷಿಣ್ಯವಲ್ಲ. ಅದು ಈ ಸಭೆಯ ಬೇರಿಗೆ ಹಾಕುವ ನೀರು. ಇಲ್ಲಿ ಹುಟ್ಟಿ ಬೆಳೆಯುವ ಪ್ರತಿ ಕಥೋಲಿಕ ಮಗುವೂ, ಮನೆಮಾತು ಯಾವುದೇ ಇರಲಿ, ಪರಲೋಕ ಮಂತ್ರವನ್ನು ಕನ್ನಡದಲ್ಲಿ ಹೇಳಲು ಬಲ್ಲದಾಗಬೇಕು. ಹಾಗೆಯೇ ದಂಡಿನ ಗುಡಿಗಳ ಕಲ್ಲು ಹೊತ್ತವರಲ್ಲಿ, ಗಣಿಯ ಕತ್ತಲಲ್ಲಿ ದುಡಿದು ಕಾಣಿಕೆ ಹಾಕಿದವರಲ್ಲಿ ತಮಿಳರಿದ್ದರು, ತೆಲುಗರಿದ್ದರು; ಶಾಲೆ ಆಸ್ಪತ್ರೆಗಳನ್ನು ಬೆಳೆಸಿದವರಲ್ಲಿ ಕೊಂಕಣಿಗರಿದ್ದರು, ಮಲಯಾಳಿಗಳಿದ್ದರು. 2015ರಿಂದ ಬೆಂಗಳೂರಿನ ಸೀರೊ-ಮಲಬಾರ್ ವಿಶ್ವಾಸಿಗಳು ಮಂಡ್ಯ ಧರ್ಮಕ್ಷೇತ್ರದ ಆಡಳಿತಕ್ಕೆ ಸೇರಿದರು; ಆದರೂ ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲೇ ಕೂರುತ್ತಾರೆ. ಇವರಲ್ಲಿ ಯಾರನ್ನು 'ಹೊರಗಿನವರು' ಎನ್ನೋಣ? ಹಾಗೆ ನೋಡಿದರೆ ಚಿನ್ನಮಿ, ದ್ಯುಬುವಾ, ಶಾರ್ಬೊನೊ, ಎಲ್ಲರೂ ಹೊರಗಿನವರೇ.

ನಮ್ಮನ್ನು ಹೆಚ್ಚು ಕಾಡುವುದು ಜಗಳವಲ್ಲ, ಅಪರಿಚಯ. ಆರು ಗಂಟೆಗೆ ಒಂದು ನುಡಿಯ ಪೂಜೆ, ಏಳೂವರೆಗೆ ಇನ್ನೊಂದು, ಒಂಬತ್ತಕ್ಕೆ ಮತ್ತೊಂದು. ಒಬ್ಬರು ಹೊರಬರುವಾಗ ಇನ್ನೊಬ್ಬರು ಒಳಹೋಗುತ್ತಾರೆ. ಬಾಗಿಲಲ್ಲಿ ಭುಜ ತಾಗಿದರೂ ಹೆಸರು ಗೊತ್ತಿಲ್ಲ. ಒಂದೇ ಬಟ್ಟಲಿನಿಂದ ಬಂದ ಪ್ರಸಾದವನ್ನು ಸ್ವೀಕರಿಸಿದವರು ರಸ್ತೆಯಲ್ಲಿ ಪರಕೀಯರು. ಸಂತ ಪೌಲರು ಹೇಳಿದ ದೇಹದ ಹೋಲಿಕೆಯಲ್ಲಿ ಕಣ್ಣು ಕೈಯನ್ನು ಬೇಡವೆನ್ನಲಾರದು. ಕೈ ಎಲ್ಲಿದೆಯೆಂದೇ ಕಣ್ಣಿಗೆ ತಿಳಿಯದಿದ್ದರೆ ಆ ದೇಹದ ಗತಿಯೇನು?

ಈ ಹಬ್ಬದಲ್ಲಿ ನಾವೇನು ಮಾಡೋಣ?

ಮೂರು ಸಣ್ಣ ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ: ನಿಮಗೆ ದೀಕ್ಷಾಸ್ನಾನವಾದದ್ದು ಯಾವ ಗುಡಿಯಲ್ಲಿ? ಮದುವೆ ಮಾಡಿಸಿದ ಸ್ವಾಮಿಯವರು ಯಾರು? ಯಾವ ಊರಿನಿಂದ, ಯಾಕೆ ಇಲ್ಲಿಗೆ ಬಂದಿರಿ? ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಎರಡನೆಯದು ಪಾಲನಾ ಸಮಿತಿಯವರಿಗೆ. ಹಳೆಯ ಧರ್ಮಕೇಂದ್ರಗಳ ಕಪಾಟಿನಲ್ಲಿ ದೀಕ್ಷಾಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳಿವೆ. ಅವುಗಳಿಗೆ ಗೆದ್ದಲು ಹತ್ತದಂತೆ, ತೇವ ತಾಗದಂತೆ ನೋಡಿಕೊಳ್ಳಿ. ಯಾವ ಅರಸನ ಶಾಸನದಲ್ಲೂ ಬರದ ಕೂಲಿಯವನ ಹೆಸರು, ಅವನ ಹೆಂಡತಿಯ ಹೆಸರು, ಮೂರೇ ದಿನ ಬದುಕಿದ ಅವರ ಮಗುವಿನ ಹೆಸರು ಆ ಪುಸ್ತಕದಲ್ಲಿವೆ. ಧರ್ಮಸಭೆ ಬಡವರನ್ನು ಹೆಸರಿಟ್ಟು ಬರೆದುಕೊಂಡದ್ದು ಸಣ್ಣ ಮಾತಲ್ಲ.

ಮೂರನೆಯದು ಎಲ್ಲರಿಗೂ. ಹಬ್ಬದ ನೊವೆನಾದ ಒಂಬತ್ತು ದಿನಗಳಲ್ಲಿ ಒಂದು ದಿನವಾದರೂ ನಿಮ್ಮದಲ್ಲದ ನುಡಿಯ ಪೂಜೆಗೆ ಬನ್ನಿ. ಮಾತು ಅರ್ಥವಾಗದಿರಬಹುದು, ಪೂಜೆ ಅರ್ಥವಾಗುತ್ತದೆ. ಮುಗಿದ ಮೇಲೆ ಪಕ್ಕದವರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ.

ದ್ಯುಬುವಾ ಸ್ವಾಮಿಯವರು ಕಾಣದ ಫಸಲು ನಾವು. ನಾವು ಕಾಣಲಾರದ ಫಸಲು ನಮ್ಮ ಮೊಮ್ಮಕ್ಕಳ ಮಕ್ಕಳು. ಅವರಿಗೆ ನಾವು ಬಿಟ್ಟುಹೋಗುವುದು ಬೇಲಿ ಹಾಕಿದ ಹೊಲವನ್ನೋ, ಎಲ್ಲರೂ ಕೂಡಿ ಕೊಯ್ಯುವ ಹೊಲವನ್ನೋ ಎಂಬುದು ನಮ್ಮ ಕೈಯಲ್ಲಿದೆ. ಎಲ್ಲ ನುಡಿಗಳಲ್ಲೂ ಅಮ್ಮ ಎಂದು ಕರೆಸಿಕೊಳ್ಳುವ ಮಾತೆ ಮರಿಯಮ್ಮನವರು ನಮ್ಮ ಮಹಾಧರ್ಮಕ್ಷೇತ್ರದ ಎಲ್ಲ ಕುಟುಂಬಗಳಿಗಾಗಿ ತಮ್ಮ ಪುತ್ರರಲ್ಲಿ ಬಿನ್ನವಿಸಲಿ. ಹಬ್ಬದ ಕೃಪಾಶೀರ್ವಾದ ನಿಮ್ಮ ಮನೆಗಳ ಮೇಲಿರಲಿ. ಆಮೆನ್.